ಇಮಾಮರ ಹಿಂದೆ ನಿಂತ ಯಂತ್ರ

ರಿಯಾದ್
9 ನವೆಂಬರ್ 2025, ಭಾನುವಾರ

ಸುಶೀಲಾ,

ಕಿವಿ ಹೋದರೆ ಕೈಯೂ ಹೋಗುತ್ತದೆಯಾ ನಿನಗೆ? ಎರಡು ಕಾಗದ ಕಳಿಸಿದ್ದೇನೆ. ಬಂದದ್ದು ಒಂದೇ ಉತ್ತರ, ಅದೂ ಮೂರು ಗೆರೆ. ಒಂದರಲ್ಲಿ ನಿನ್ನ ದನ ಕರು ಹಾಕಿದ್ದು, ಇನ್ನೊಂದರಲ್ಲಿ ನಿನ್ನ ಮೊಣಕಾಲು ನೋವು, ಮತ್ತೊಂದರಲ್ಲಿ "ಆ ಮರಳಿನಲ್ಲಿ ಕೂತು ಏನು ಮಾಡುತ್ತೀ, ಸಾಕು, ಊರಿಗೆ ಬಾ" ಎಂಬ ಅಪ್ಪಣೆ. ಐದನೇ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ಕೂತವಳಿಗೆ ಇಷ್ಟೇಯಾ? ಕರುವಿನ ಬಣ್ಣ ಯಾವುದೆಂದಾದರೂ ಬರೆಯಬಾರದಿತ್ತಾ? ಫೋನು ಮಾಡೋಣವೆಂದರೆ ಆ ಕಡೆಯಿಂದ "ಯಾರು, ಗ್ಯಾಸಿನವರಾ? ಸಿಲಿಂಡರ್ ನಿನ್ನೆಯೇ ಬಂತು" ಎಂದು ಕೂಗಿ ಇಟ್ಟುಬಿಡುತ್ತೀ. ಮೊಬೈಲಿನಲ್ಲಿ ಬರೆದು ಕಳಿಸಿದರೆ ನಿನಗಿಂತ ಮೊದಲು ನಿನ್ನ ಸೊಸೆ ಓದಿ ಮುಗಿಸುತ್ತಾಳೆ. ಹಾಗಾಗಿ ಈ ವಯಸ್ಸಿನಲ್ಲಿ ನನಗೆ ಪೆನ್ನು ಹಿಡಿಯುವ ಕರ್ಮ. ಇಲ್ಲಿಯ ಬತ್ಹಾ ಪೇಟೆಯಲ್ಲಿ ಅಂಗಡಿ ಇಟ್ಟಿರುವ ನಮ್ಮ ರಫೀಕ್ ಗುರುವಾರ ಊರಿಗೆ ಹೊರಡುತ್ತಾನೆ. ಇದನ್ನು ನಿನ್ನ ಕೈಗೇ ಕೊಡಬೇಕೆಂದು ಹೇಳಿದ್ದೇನೆ.

ಬೈದದ್ದು ಆಯಿತು. ಇನ್ನು ಸಲಾಂ, ನಮಸ್ಕಾರ, ಎರಡನ್ನೂ ತೆಗೆದುಕೋ. ನಾನೂ ಎರಡು ತಿಂಗಳು ಸುಮ್ಮನಿದ್ದೆ, ಒಪ್ಪುತ್ತೇನೆ. ಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದ ಕಾಲವದು. ಕಾಗದ ಬರೆದರೆ ಅಳುವೇ ಬರುತ್ತದೆಂದು ಬರೆಯಲಿಲ್ಲ. ನೀನು ಊರಿಗೆ ಬಾ ಎನ್ನುತ್ತೀಯಲ್ಲ, ನೀನು ಕರೆಯದಿದ್ದರೂ ನಾವೆಲ್ಲ ಗಂಟುಮೂಟೆ ಕಟ್ಟಿಕೊಂಡು ಬರುವ ಹಾಗೆಯೇ ಆಗಿತ್ತು.

ಇಮ್ತಿಯಾಜನ ವಿಷಯ. ತೊಟ್ಟಿಲಿನಲ್ಲಿದ್ದಾಗಲೇ ತನ್ನ ತಂದೆಯನ್ನು, ನನ್ನ ಮಗ ರಝಾಕನನ್ನು, ಈ ದೇಶದ ಮಣ್ಣಿಗೆ ಕೊಟ್ಟ ಹುಡುಗ. ತಾಯಿಗೆ ಬೇರೆ ಮದುವೆಯಾದ ಮೇಲೆ ನಾನು ಸಾಕಿದೆ. ನಾನು ಕಟ್ಟಿದ ಬೀಡಿ ಕೊಡಲು ಹೋದಾಗ ನಿನ್ನ ಮಡಿಲಲ್ಲಿ ಉಚ್ಚೆ ಹೊಯ್ದದ್ದೂ ಇವನೇ. ಅಜ್ಜಿಯಾದ ನನ್ನನ್ನು ಇವತ್ತಿಗೂ ಉಮ್ಮ ಎಂದೇ ಕರೆಯುವುದು. ಇವನ ಕೆಲಸ ಏನೆಂದು ಯಾರಾದರೂ ಕೇಳಿದರೆ ನಾನು ಇಷ್ಟು ವರ್ಷ "ಕಂಪ್ಯೂಟರ್" ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಈಗ ಕಣ್ಣಾರೆ ನೋಡಿದೆ. ನೋಡಿದ ಮೇಲೂ ಪೂರ್ತಿ ನಂಬಿಕೆ ಬಂದಿಲ್ಲ. ಅದನ್ನು ಯಾರಿಗಾದರೂ ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬುತ್ತದೆ.

ಇವರ ಕಂಪನಿಗೆ ಈ ದೇಶದ ಉದ್ದಗಲಕ್ಕೂ ಮೆಡಿಕಲ್ ಅಂಗಡಿಗಳಿವೆ. ಯಾವ ಮೂಲೆಯಲ್ಲಿ ಯಾರು ಒಂದು ಮಾತ್ರೆ ಕೊಂಡರೂ, ಯಾವ ಡಾಕ್ಟರು ಏನು ಬರೆದುಕೊಟ್ಟರೂ, ಆ ಲೆಕ್ಕವೆಲ್ಲ ಊರಾಚೆಯ ಒಂದು ಕಟ್ಟಡಕ್ಕೆ ಬಂದು ಸೇರುತ್ತದೆ. ಅಲ್ಲಿ ಸರ್ವರ್ ಎಂಬ ಯಂತ್ರಗಳು ಅದನ್ನೆಲ್ಲ ಇಟ್ಟುಕೊಂಡು, ಕೇಳಿದವರಿಗೆ ಕೇಳಿದ ಕ್ಷಣ ಉತ್ತರ ಕೊಡುತ್ತವೆ. ಹೋದ ಬೇಸಗೆಯಲ್ಲಿ ಅವುಗಳಲ್ಲಿ ಮುಖ್ಯವಾದದ್ದು ಒಂದು ಮಧ್ಯಾಹ್ನ ಸುಮ್ಮನಾಯಿತು. ಅಂಗಡಿಯ ಕಪಾಟಿನ ತುಂಬ ಔಷಧಿ ಇದ್ದರೂ ಸಂಜೆಯವರೆಗೆ ಯಾರಿಗೂ ಒಂದು ಮಾತ್ರೆ ಕೊಡಲು ಆಗಲಿಲ್ಲ. ಇನ್ನೊಮ್ಮೆ ಹಾಗಾದರೆ ಇಮ್ತಿಯಾಜನ ಕರಾರು ಮುಂದುವರಿಯುವುದಿಲ್ಲ ಎಂದು ಮೇಲಿನವರು ಖಂಡಿತವಾಗಿ ಹೇಳಿದರು. ಕರಾರು ಹೋದರೆ ಅವನ ಇಕಾಮಾ ಹೋಯಿತು. ಆ ಕಾರ್ಡಿಲ್ಲದೆ ಇಲ್ಲಿ ಯಾರೂ ಇರುವ ಹಾಗಿಲ್ಲ. ಅವನ ಬೆನ್ನಿಗೆ ಅಂಟಿಕೊಂಡ ನನ್ನ ವೀಸಾವೂ ಹೋಯಿತು. ನನಗೋ ಈ ಊರು ಬಿಡಲು ಮನಸ್ಸಿಲ್ಲ. ಯಾಕೆ ಎನ್ನುತ್ತೀ, ಇರಲಿ.

ಅದಕ್ಕೆ ಇವರು ಮಾಡಿದ ಉಪಾಯವೇನೆಂದರೆ, ಮುಖ್ಯ ಯಂತ್ರಗಳ ಜೊತೆಗೆ ಸ್ಟ್ಯಾಂಡ್‌ಬೈ ಎಂದು ಇನ್ನೊಂದು ಜೋಡಿ ತಂದು ನಿಲ್ಲಿಸುವುದು. ಮೊದಲನೆಯದು ಬಿದ್ದರೆ ಅದು ಕೆಲಸ ಎತ್ತಿಕೊಳ್ಳಬೇಕು. ಅದನ್ನು ಸೇರಿಸುವಾಗಲೂ ಅಂಗಡಿಗಳ ಕೆಲಸ ನಿಲ್ಲಬಾರದು, ನಿಂತರೂ ಕಣ್ಣು ಮುಚ್ಚಿ ತೆರೆಯುವಷ್ಟೇ ನಿಲ್ಲಬೇಕು. ಮದುವೆಮನೆಯಲ್ಲಿ ಹಂಡೆಯ ಅನ್ನ ಬೇಯುತ್ತಿರುವಾಗಲೇ, ಹಂಡೆ ಇಳಿಸದೆ, ಅದರ ಅಡಿಯ ಒಲೆ ಬದಲಿಸು ಎಂದ ಹಾಗೆ.

"ಆಗುವ ಕೆಲಸ ಮಾತಾಡು ಮಾರಾಯ" ಎಂದೆ ನಾನು. ಅವನು ರೊಟ್ಟಿ ತಿನ್ನುತ್ತಿದ್ದವನು ನನ್ನನ್ನೇ ಕೇಳಿದ:

"ಉಮ್ಮಾ, ಮಸೀದಿಯಲ್ಲಿ ಇಮಾಮರ ನೇರ ಹಿಂದೆ ಯಾರು ನಿಲ್ಲುದು?"

"ತಿಳಿದವರು. ನಿನ್ನ ಅಜ್ಜ ನಿಲ್ತಾ ಇದ್ರು."

"ಎಂತಕ್ಕೆ?"

"ಇಮಾಮರಿಗೆ ನಡುವಲ್ಲಿ ಎಂತದಾದ್ರೂ ಆದ್ರೆ ಹಿಂದಿನವರ ಕೈ ಹಿಡಿದು ಮುಂದೆ ಎಳೀತಾರೆ. ನಮಾಝ್ ನಿಲ್ಲುದಿಲ್ಲ. ಎಲ್ಲಿಗೆ ಮುಟ್ಟಿತ್ತೋ ಅಲ್ಲಿಂದಲೇ ಅವರು ಮುಂದುವರಿಸ್ತಾರೆ."

"ಅದೇ ಉಮ್ಮಾ ನನ್ನ ಕೆಲಸ. ಮತ್ತೆ ಬೇರೆ ಎಂತದೂ ಇಲ್ಲ."

ನಮ್ಮ ಯಜಮಾನರು ಹಸನ್ ಕುಂಞಿ ಯಾವಾಗಲೂ ಆ ಜಾಗದಲ್ಲೇ ನಿಲ್ಲುತ್ತಿದ್ದದ್ದು ನಿನಗೆ ಗೊತ್ತಿರಲಿಕ್ಕಿಲ್ಲ. ಒಂದು ಮಧ್ಯಾಹ್ನ ಇಮಾಮರಾಗಿ ನಿಂತಿದ್ದ ಖತೀಬರಿಗೆ ತಲೆ ತಿರುಗಿ ಇವರನ್ನು ಮುಂದೆ ಎಳೆದರಂತೆ. ಮನೆಗೆ ಬಂದವರೇ, "ಹೊರಗಿನ ಜಗಲಿಯಲ್ಲಿ ನಿಂತವರಿಗೆ ಗೊತ್ತೇ ಆಗಲಿಲ್ಲ ಮೈಮೂನಾ" ಎಂದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಹೆಮ್ಮೆ ಇತ್ತೋ ಹೆದರಿಕೆ ಇತ್ತೋ ನನಗೆ ಆಗ ತಿಳಿಯಲಿಲ್ಲ.

ನಾನು ಇಮ್ತಿಯಾಜನನ್ನು ಸುಮ್ಮನೆ ಬಿಡಲಿಲ್ಲ. "ಹಿಂದೆ ನಿಂತವನು ತಡವಾಗಿ ಬಂದವನಾದ್ರೆ? ಎಷ್ಟು ಸಲ ಬಾಗಿ ಎದ್ದದ್ದು ಆಯಿತೂಂತ ಅವನಿಗೆ ಹೇಗೆ ಗೊತ್ತಾಗ್ತದೆ?" ಎಂದೆ. ಅಂಥವನಿಗೆ ಮಸ್ಬೂಕ್ ಎನ್ನುತ್ತಾರೆ, ನಮಾಝಿಗೆ ತಡವಾಗಿ ಬಂದು ಸೇರಿದವನು. ರೊಟ್ಟಿಯ ತುಂಡು ಅವನ ಕೈಯಲ್ಲೇ ಉಳಿಯಿತು. "ಅದೇ ಹೆದರಿಕೆ ಉಮ್ಮಾ" ಎಂದ. ಅದಕ್ಕಾಗಿಯೇ ಮುಖ್ಯದ್ದು ತನ್ನ ಪಾಡಿಗೆ ಕೆಲಸ ಮಾಡುತ್ತಿರುವಾಗಲೇ, ಅದರ ಹೊಟ್ಟೆಯಲ್ಲಿದ್ದ ಹಳೆಯ ಲೆಕ್ಕವನ್ನೆಲ್ಲ ವಾರಗಟ್ಟಲೆ ಹೊಸದಕ್ಕೆ ನಕಲು ಮಾಡಿದರಂತೆ. ಅಷ್ಟರಲ್ಲಿ ಹೊಸ ಲೆಕ್ಕ ಬಂದು ಬೀಳುತ್ತಲೇ ಇರುತ್ತದಲ್ಲ, ಅದೂ ಒಂದೊಂದಾಗಿ ಹಿಂದಿನದಕ್ಕೆ ಹೋಗುತ್ತಿರಬೇಕು. ಅದು ಬಾಗಿದರೆ ಇದೂ ಬಾಗಬೇಕು, ಅದು ಎದ್ದರೆ ಇದೂ ಏಳಬೇಕು. ಇನ್ನು ಉಳಿದದ್ದು ಮುಖ್ಯದ್ದನ್ನು ಒಮ್ಮೆ ಕೂರಿಸಿ, ಹಿಂದಿನದ್ದನ್ನು ಮುಂದೆ ನಿಲ್ಲಿಸಿ ನೋಡುವ ಪರೀಕ್ಷೆ.

ಪರೀಕ್ಷೆಗೆ ಹೋದ ಶುಕ್ರವಾರ ಜುಮಾ ನಮಾಝ್ ಕಳೆದ ಮೇಲಿನ ಹೊತ್ತು ಎಂದು ಗೊತ್ತುಮಾಡಿದರು. ಇಲ್ಲಿ ಜುಮಾ ಮುಗಿಸಿ, ಮನೆಗೆ ಹೋಗಿ, ದೊಡ್ಡ ತಟ್ಟೆಯ ಸುತ್ತ ಕೂತು ಮಾಂಸದನ್ನ ಉಂಡರೆಂದರೆ ಸಂಜೆಯ ಅಸರ್ ಬಾಂಗಿನವರೆಗೆ ಊರೇ ಮಲಗುತ್ತದೆ. ಅಂಗಡಿಗಳ ಶಟರೂ ಕೆಳಗೆ. ಲೆಕ್ಕ ಬರುವುದು ತೀರಾ ಕಡಿಮೆ. ಅಂಗಡಿಗಳ ಬಿಲ್ಲು ನೋಡಿ, ಗೀಟು ಎಳೆದು, ಗಂಡಸರೆಲ್ಲ ಸೇರಿ ಆರಿಸಿದ ಹೊತ್ತು ಅದು.

ಬೆಳಿಗ್ಗೆ ಇಮ್ತಿಯಾಜ್ ಏನೂ ತಿನ್ನದೆ ಹೋದ. ನನ್ನಿಂದ ಮನೆಯಲ್ಲಿ ಕೂರಲು ಆಗಲಿಲ್ಲ. ತುಪ್ಪದನ್ನ, ಕೋಳಿ ಸಾರು ಮಾಡಿ ಬುತ್ತಿ ಕಟ್ಟಿ, ಅವನ ಹೆಂಡತಿ ಶಹಾನಾಳಿಗೆ ಕಾರು ತೆಗೆಯಲು ಹೇಳಿದೆ. ಹೌದು, ಈಗ ಇಲ್ಲಿ ಹೆಂಗಸರು ಕಾರು ಬಿಡುತ್ತಾರೆ. ಅವಳು ಬಿಡುವುದು ನೋಡಿದರೆ ಬಿಡದಿದ್ದ ಕಾಲವೇ ಒಳ್ಳೆಯದಿತ್ತೇನೋ ಅನಿಸುತ್ತದೆ. ನಾನು ದಾರಿಯುದ್ದಕ್ಕೂ ದಿಕ್ರ್ ಹೇಳಿದೆ. "ಉಮ್ಮಾ, ನೀವು ಹೀಗೆ ಪ್ರಾರ್ಥನೆ ಮಾಡಿದ್ರೆ ನಂಗೇ ಹೆದರಿಕೆ ಆಗ್ತದೆ ಮಾರಾಯ್ರೆ" ಎಂದಳು. ಹಿಂದಿನ ಸೀಟಿನಲ್ಲಿ ಅವರ ಮಗಳು ಇಸ್ರಾ, ಒಂದು ವರ್ಷದ ಪೋರಿ, ಏನೂ ತಿಳಿಯದೆ ಕೈ ತಟ್ಟುತ್ತಿದ್ದಳು.

ಕಟ್ಟಡಕ್ಕೆ ಕಿಟಕಿಯೇ ಇಲ್ಲ. ಬಾಗಿಲಲ್ಲಿ ಕಾವಲಿನವರು ನಮ್ಮನ್ನು ತಡೆದರು. ಅಷ್ಟರಲ್ಲಿ ಇಮ್ತಿಯಾಜನ ಸಾಹೇಬರು ಅಬ್ದುಲ್ ರಹ್ಮಾನ್ ಹೊರಗೆ ಬಂದರು. ಉನೈಜಾ ಎಂಬ ಖರ್ಜೂರದ ಊರಿನವರು, ಬಿಳಿ ಉಡುಪು, ಗಡ್ಡದಲ್ಲಿ ನಾಲ್ಕು ನರೆ. ಕರಾರು ಬರೆಯುವವರೂ ಹರಿಯುವವರೂ ಇವರೇ ಎಂದು ತಿಳಿದಿದ್ದರಿಂದ ನಾನು ಮನಸ್ಸಿನಲ್ಲೇ ಒಂದು ದೊಡ್ಡ ಬೈಗುಳ ಸಿದ್ಧ ಮಾಡಿಕೊಂಡಿದ್ದೆ. ಆ ಮನುಷ್ಯನೋ, "ಯಾ ಉಮ್ಮಿ" ಎಂದು ಕರೆದು, ನನ್ನ ಕೈಯ ಬುತ್ತಿ ತಾನೇ ತೆಗೆದುಕೊಂಡು, ಒಳಗೆ ಕರೆದೊಯ್ದು ಕೂರಿಸಿ, ಖರ್ಜೂರದ ತಟ್ಟೆ ಮುಂದಿಟ್ಟರು. ನಿಂತುಕೊಂಡೇ ಪುಟ್ಟ ಬಟ್ಟಲಿಗೆ ಗಾವಾ ಕಾಫಿ ಬಗ್ಗಿಸಿದರು. ನನ್ನ ಬೈಗುಳ ಹಾಳಾಯಿತು.

ಆಮೇಲೆ ಒಂದು ದೊಡ್ಡ ಗಾಜಿನ ಬಳಿಗೆ ಕರೆದುಕೊಂಡು ಹೋದರು. ಅದರಾಚೆ ಏನಿತ್ತೆಂದು ಹೇಗೆ ಬರೆಯಲಿ? ಮನುಷ್ಯರಿಲ್ಲದ ಒಂದು ಮಸೀದಿಯೆಂದು ತಿಳಿದುಕೋ. ಕಪ್ಪು ಕಪಾಟುಗಳು ಸಾಲು ಸಾಲಾಗಿ, ಒಂದು ಬೆರಳು ಹಿಂದೆ ಮುಂದೆ ಇಲ್ಲದೆ, ಭುಜಕ್ಕೆ ಭುಜ ತಾಗಿಸಿ ನಿಂತಿವೆ. ಮೈಯ ತುಂಬ ಮಿಣುಕು ಹುಳದಂಥ ಹಸಿರು ದೀಪ. ಎಲ್ಲಿಂದಲೋ ಒಂದು ಶಬ್ದ, ಮಳೆಗಾಲದ ಕಡಲು ದೂರದಿಂದ ಕೇಳಿದ ಹಾಗೆ, ಕಿವಿಗಿಂತ ಎದೆಗೆ ಹೆಚ್ಚು ತಾಗುವಂಥದ್ದು. ನಿನಗೂ ಕೇಳಿಸುತ್ತಿತ್ತು ಸುಶೀಲಾ, ಆಣೆಯಿಟ್ಟು ಹೇಳುತ್ತೇನೆ. ಗಾಜಿಗೆ ಅಂಗೈ ಇಟ್ಟೆ, ಮಂಜುಗಡ್ಡೆ. ಇಮ್ತಿಯಾಜನ ಜೊತೆ ಕೆಲಸ ಮಾಡುವ ಮೈಸೂರಿನ ವಿನಯ್ ಎಂಬ ಹುಡುಗ ಒಂದು ಶಾಲು ತಂದು ಹೊದಿಸಿದ. "ಚಳಿ ಆಗತ್ತೆ ಅಜ್ಜಿ, ಹೊದ್ಕೊಳ್ಳಿ. ಇಲ್ಲಿ ಮಿಷನ್‌ಗಳಿಗೆ ಊಟಿ, ಹೊರಗೆ ನಮಗೆ ಬಾಣಲೆ" ಎಂದ. ಅವನೇ ಬೆರಳು ತೋರಿಸಿ ಹೇಳಿದ, ಆ ಮೊದಲ ಸಾಲಿನದು ಮುಖ್ಯದ್ದು, ಅದರ ಹಿಂದಿನದು ಸ್ಟ್ಯಾಂಡ್‌ಬೈ. ನನ್ನ ಕಣ್ಣಿಗೆ ಎರಡೂ ಒಂದೇ. ಒಂದು ದೀಪ ಮಿನುಗಿದರೆ ಹಿಂದಿನದರಲ್ಲೂ ಮಿನುಗುತ್ತಿತ್ತು. ಯಾರೂ ಹೊಗಳುವುದಿಲ್ಲ, ಯಾರೂ ಕೇಳುವುದಿಲ್ಲ, ಆದರೂ ಹಗಲಿರುಳು ಮುಂದಿನವನ ಒಂದೊಂದು ಮಾತನ್ನೂ ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ನಿಂತಿದೆಯಲ್ಲ! ನನ್ನ ಬಾಯಿಂದ ತಾನಾಗಿ "ಸುಬಹಾನಲ್ಲಾಹ್" ಬಂತು. ಅಬ್ದುಲ್ ರಹ್ಮಾನ್ ನಕ್ಕರು.

ಜುಮಾ ಅಲ್ಲಿಯೇ ಮುಗಿಸಿ ಅವರು ಕೆಲಸಕ್ಕೆ ಕೂತರು. ನಮ್ಮನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದ್ದರು. ಸಾಹೇಬರು ಒಳಗೆ ಹೊರಗೆ ಓಡಾಡುತ್ತಿದ್ದರಿಂದ ನಡುವಿನ ಬಾಗಿಲು ತೆರೆದೇ ಇತ್ತು. ಇಮ್ತಿಯಾಜನ ಬೆನ್ನು ನನಗೆ ಕಾಣುತ್ತಿತ್ತು. ರಝಾಕನ ಬೆನ್ನೂ ಹಾಗೆಯೇ, ಸ್ವಲ್ಪ ಬಗ್ಗಿದ್ದು. ಅವನು ಏನೋ ಒತ್ತಿದ, ಮುಖ್ಯದ್ದು ಹೊರಗಿನವರಿಗೆ ಉತ್ತರ ಕೊಡುವುದನ್ನು ನಿಲ್ಲಿಸಿತು. ಇನ್ನು ಹಿಂದಿನದು ಎದ್ದು ನಿಲ್ಲಬೇಕು.

ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಕೂತ ಶಹಾನಾ ಮೊಬೈಲನ್ನು ಕುಟ್ಟುತ್ತ, "ಎಂತ ಇದು, ತಿರುಗ್ತಾ ಉಂಟು, ತಿರುಗ್ತಾನೇ ಉಂಟು" ಎಂದಳು.

"ಎಂತ ಮಾಡ್ತಾ ಇದ್ದೀ?"

"ಇಸ್ರಾನ ಡೈಪರ್ ಉಮ್ಮಾ. ಇವರ ಕಂಪನಿದೇ ಆ್ಯಪ್. ಶುಕ್ರವಾರ ಊಟ ಆದ್ಮೇಲೆ ಆರ್ಡರ್ ಹಾಕುದು ನಾನು. ಆಗ ಅಲ್ವಾ ಪುರುಸೊತ್ತು ಸಿಗುದು?"

"ನೀನೊಬ್ಬಳೇಯಾ?"

"ನಮ್ಮ ಬಿಲ್ಡಿಂಗಿನವರೆಲ್ಲ ಆಗ್ಲೇ ಹಾಕುದು. ಗಂಡಸರು ಮಲಗಿರ್ತಾರೆ, ಮಕ್ಕಳು ಮಲಗಿರ್ತಾವೆ."

ನಾನು ಹಣೆ ಚಚ್ಚಿಕೊಂಡೆ. ಊರು ಮಲಗುತ್ತದೆಂದು ಇವರು ಲೆಕ್ಕ ಹಾಕಿದ್ದು ಗಂಡಸರ ಊರನ್ನು! ಪಾತ್ರೆ ತೊಳೆದು, ಕೈ ಒರೆಸಿ, ವಾರಕ್ಕೊಮ್ಮೆ ಕಾಲು ಚಾಚಿ ಕೂತ ಹೆಂಗಸರೆಲ್ಲ ಅದೇ ಹೊತ್ತಿಗೆ ಮೊಬೈಲು ಹಿಡಿದಿದ್ದಾರೆ. ಅತ್ತೆಯ ಸಕ್ಕರೆ ಮಾತ್ರೆ, ಮಗುವಿನ ಪೌಡರು, ಗಂಡನ ತಲೆನೋವಿನ ಎಣ್ಣೆ. ಆ್ಯಪು ಬಂದು ಕೆಲವೇ ತಿಂಗಳು, ಅದಕ್ಕೆ ಯಾವ ಹೊತ್ತಿಗೆ ಎಷ್ಟು ಆರ್ಡರ್ ಬರುತ್ತದೆಂಬ ಲೆಕ್ಕ ಬೇರೆಯವರ ಹತ್ತಿರ ಇದ್ದದ್ದು, ಇವರು ನೋಡಿರಲಿಲ್ಲ ಎಂದು ಆಮೇಲೆ ತಿಳಿಯಿತು. ನಿಲ್ಲಿಸುವ ಮೊದಲೇ ಮುಖ್ಯ ಯಂತ್ರದ ಮೇಲೆ ಆ ಆರ್ಡರುಗಳೆಲ್ಲ ಒಮ್ಮೆಲೇ ಸುರಿದಿದ್ದವು. ಹಿಂದಿನದಕ್ಕೆ ಅವನ್ನೆಲ್ಲ ನಕಲು ಮಾಡಿ ಮುಗಿದಿರಲಿಲ್ಲ.

ಒಳಗೆ ವಿನಯ್ ಕೂಗಿದ: "ಇಮ್ತಿಯಾಜ್, ಇದು ಹಿಂದೆ ಬಿದ್ದಿದೆ ಗುರೂ. ತುಂಬಾ ಹಿಂದೆ ಬಿದ್ದಿದೆ."

ಫೋನುಗಳು ಒಂದೊಂದಾಗಿ ಹೊಡೆದುಕೊಳ್ಳಲು ತೊಡಗಿದವು. ಅರ್ಧದಲ್ಲಿ ಮುಖ್ಯದ್ದನ್ನು ಮತ್ತೆ ಎಬ್ಬಿಸುವಂತಿಲ್ಲವಂತೆ, ಉಳಿದದ್ದು ಎರಡೇ ದಾರಿ. ಹಿಂದಿನದನ್ನು ಇದ್ದ ಹಾಗೆಯೇ ಎಬ್ಬಿಸಬಹುದು. ಫೋನು ನಿಲ್ಲುತ್ತದೆ, ಆದರೆ ಅದಕ್ಕೆ ಇನ್ನೂ ಮುಟ್ಟದ ಡಾಕ್ಟರರ ಚೀಟಿಗಳು, ಔಷಧಿಗಳು ಇಲ್ಲದಂತಾಗುತ್ತವೆ. ಇಲ್ಲವೆಂದರೆ ಉಳಿದ ನಕಲು ಮುಗಿಯುವವರೆಗೆ ಬಾಗಿಲು ಮುಚ್ಚಿಕೊಂಡೇ ಕಾಯಬೇಕು. ಹೊತ್ತು ಮೀರಿದರೆ ಬೇಸಗೆಯ ಕತೆಯೇ, ಕರಾರು ಹೋಗುತ್ತದೆ.

ಅಬ್ದುಲ್ ರಹ್ಮಾನರ ಮುಖ ಕೆಂಪಾಗಿತ್ತು. "ಯಲ್ಲಾ ಇಮ್ತಿಯಾಜ್, ಯಲ್ಲಾ!" ಎಂದು ಹಿಂದಿನ ಯಂತ್ರದ ಕಡೆ ಬೆರಳು ತೋರಿಸಿ ಮೇಜಿಗೆ ಕೈ ಬಡಿದರು. ಅರಬಿ ನನಗೆ ಬಾರದಿದ್ದರೂ ಯಲ್ಲಾ ಎಂದರೆ ಬೇಗ ಎಂದು ಇಲ್ಲಿ ಬೆಕ್ಕಿಗೂ ಗೊತ್ತು. ನನ್ನ ಹುಡುಗ ಎದ್ದು ನಿಂತ. ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡ. ಒಂದೇ ಮಾತು ಹೇಳಿದ: "ಮಸ್ಬೂಕ್, ಯಾ ಶೇಖ್."

ತಡವಾಗಿ ಬಂದು ಸೇರಿದವನು. ಅವನನ್ನು ಈಗ ಮುಂದೆ ಎಳೆಯಬೇಡಿ.

ಆ ಮನುಷ್ಯ ಅವನ ಮುಖ ನೋಡಿದರು. ನಂತರ ಅವರು ಕುರ್ಚಿ ಎಳೆದು ಕೂತರು ಸುಶೀಲಾ. ಹೊಡೆದುಕೊಳ್ಳುತ್ತಿದ್ದ ಫೋನುಗಳನ್ನು ತಾವೇ ಎತ್ತಿ, ಎಲ್ಲರ ಬೈಗುಳವನ್ನು ತಮ್ಮ ಮೇಲೆ ಹಾಕಿಕೊಂಡು, ಕಾಯಿರಿ ಕಾಯಿರಿ ಎಂದು ಹೇಳತೊಡಗಿದರು. ಇಮ್ತಿಯಾಜ್ ಗಾಜಿನ ಕಡೆ ನೋಡುತ್ತ ನಿಂತೇ ಇದ್ದ. ಹಿಂದಿನ ಸಾಲಿನ ಆ ಕಪ್ಪು ಕಪಾಟಿನ ಮೈಯಲ್ಲಿ ದೀಪಗಳು ಹುಚ್ಚು ಹಿಡಿದ ಹಾಗೆ ಮಿನುಗುತ್ತಿದ್ದವು. ಓಡಿ ಬರುತ್ತಿದೆ, ಓಡಿ ಬರುತ್ತಿದೆ ಎಂದು ನನಗೆ ತಿಳಿಯುತ್ತಿತ್ತು. ಹೆರಿಗೆ ಕೋಣೆಯ ಹೊರಗೆ ಕೂತವಳಂತೆ ಕೂತಿದ್ದೆ. ಶಹಾನಾಳ ಮೊಬೈಲಿನ ಮೇಲೆ ಕಾಯಲು ಹೇಳುವ ಆ ಬಳೆಯಂಥ ಗುರುತು ತಿರುಗುತ್ತಲೇ ಇತ್ತು.

ಮೊದಲು ತಿಳಿದದ್ದು ನಮಗೇ. "ಹೋಯ್ತು! ಉಮ್ಮಾ, ಆರ್ಡರ್ ಹೋಯ್ತು!" ಎಂದು ಅವಳು ಕಿರುಚಿದಳು. ಒಳಗಿನವರು 'ಅಲ್‌ಹಮ್ದುಲಿಲ್ಲಾಹ್' ಎಂದದ್ದು ಅದಾದ ಮೇಲೆ. ವಿನಯ್ ತನ್ನ ದೇವರನ್ನು ಗಟ್ಟಿಯಾಗಿ ಕೂಗಿ, ನನ್ನನ್ನು ನೋಡಿ ನಾಲಿಗೆ ಕಚ್ಚಿಕೊಂಡ. ಕೂಗು ಮಗಾ, ಕೇಳುವವನು ಒಬ್ಬನೇ ಎಂದೆ.

ಸುಸ್ತಾಗಿದ್ದರೂ ಎದ್ದು ಗಾಜಿನ ಬಳಿಗೆ ಹೋಗಿ ನಿಂತೆ. ಒಂದು ಕೂತಿದೆ, ಇನ್ನೊಂದು ನಿಂತಿದೆ. ನೋಡಿದರೆ ಏನೂ ಆದ ಹಾಗಿಲ್ಲ. ಯಮನ್ ಗಡಿಯ ನಜ್ರಾನಿನಲ್ಲಿ ಜ್ವರ ಬಂದ ಮಗುವಿನ ತಾಯಿಗೆ, ಇಲ್ಲಿ ಬತ್ಹಾದ ಬಾಡಿಗೆ ಕೋಣೆಯಲ್ಲಿ ಎದೆ ಹಿಡಿದುಕೊಂಡ ಕೂಲಿಯವನಿಗೆ, ಆಚೆ ಸಮುದ್ರದ ದಡದ ಯಾವುದೋ ಮುದುಕಿಗೆ, ಒಂದು ಚೀಟಿಯೂ ಕಳೆಯಲಿಲ್ಲ. ಅವರ ಪಾಲಿಗೆ ಮೊಬೈಲು ಸ್ವಲ್ಪ ತಡ ಮಾಡಿತು, ಅಷ್ಟೇ. ಒಂದು ದೇಶದ ನೋವೆಲ್ಲ ಒಂದು ಯಂತ್ರದ ಹೆಗಲಿನಿಂದ ಇನ್ನೊಂದರ ಹೆಗಲಿಗೆ ದಾಟಿತು, ಯಾರಿಗೂ ತಿಳಿಯಲಿಲ್ಲ. ನಾನು ಉಮ್ರಾ ಯಾತ್ರೆಗೆ ಹೋಗಿ ಕಅಬಾ ನೋಡಿ ಬಂದವಳು. ಅದಕ್ಕೆ ಸಮ ಎಂದರೆ ಪಾಪ ಬರುತ್ತದೆ. ಆದರೆ ಮನುಷ್ಯರ ಕೈಯ ಕೆಲಸ ನೋಡಿ ಇಷ್ಟು ಸಣ್ಣವಳಾದದ್ದು ಇದೇ ಮೊದಲು.

ಬುತ್ತಿ ಆರಿಹೋಗಿತ್ತು. ಆರಿದ್ದನ್ನೇ ಎಲ್ಲರೂ ಒಂದೇ ತಟ್ಟೆಯಲ್ಲಿ ಉಂಡರು. ಸಾಹೇಬರು ನನ್ನ ಕೋಳಿ ಸಾರಿಗೆ ಕಣ್ಣಲ್ಲಿ ನೀರು ಹಾಕಿದರು, ಖಾರ ಹೆಚ್ಚಾಗಿತ್ತು. ಮೂಗು ಒರೆಸಿಕೊಂಡು ಇಮ್ತಿಯಾಜನಿಗೆ ಏನೋ ಹೇಳಿದರು. ಹೊಸ ಕರಾರು ಬರೆಯುತ್ತಾರಂತೆ. ಇನ್ನು ಮುಂದೆ ಹೊತ್ತು ಆರಿಸುವಾಗ ಮೊದಲು ಶಹಾನಾಳನ್ನು ಕೇಳಬೇಕು ಎಂದೂ ಹೇಳಿದರಂತೆ. ಅದನ್ನು ಕೇಳಿದ ಮೇಲೆ ಅವಳು ಕಾರನ್ನು ಇನ್ನೂ ಜೋರಾಗಿ ಬಿಡುತ್ತಿದ್ದಾಳೆ.

ಹಾಗಾಗಿ ನಾನು ಸದ್ಯಕ್ಕೆ ಬರುವುದಿಲ್ಲ. ನೀನು ಮುನಿಸಿಕೊಳ್ಳಬೇಡ. ಮೊಣಕಾಲಿಗೆ ಎಣ್ಣೆ ಹಚ್ಚು, ಆ ಮೆಟ್ಟಿಲು ಹತ್ತಬೇಡ. ಸೊಸೆಯ ಜೊತೆ ಜಗಳವಾಡಿದರೂ ಊಟ ಬಿಡಬೇಡ. ನಿನ್ನ ಮಕ್ಕಳು ಮೊಮ್ಮಕ್ಕಳು ತಣ್ಣಗಿರಲಿ, ಹೊಸ ಕರು ಹಾಲು ಕುಡಿದು ಪುಷ್ಟಿಯಾಗಲಿ, ನಿನ್ನ ದೇವರೂ ನನ್ನ ಅಲ್ಲಾಹನೂ ನಮಗಿಬ್ಬರಿಗೂ ಇನ್ನೊಮ್ಮೆ ಮುಖ ನೋಡುವಷ್ಟು ಆಯುಸ್ಸು ಕೊಡಲಿ.

ನಿನ್ನ
ಮೈಮೂನಾ

ತಾ.ಕ.: ಯಾಕೆ ಈ ಊರು ಬಿಡುವುದಿಲ್ಲ ಎಂದು ನಿನಗೊಬ್ಬಳಿಗೆ ಹೇಳುತ್ತೇನೆ. ಇಲ್ಲಿ ಗೋರಿಯ ಮೇಲೆ ಹೆಸರು ಬರೆಯುವ ಪದ್ಧತಿಯಿಲ್ಲ. ದೊಡ್ಡವನಿರಲಿ, ಕೂಲಿಯವನಿರಲಿ, ಒಂದು ಕಲ್ಲು, ಒಂದು ರಾಶಿ ಮಣ್ಣು. ಹೆಂಗಸರನ್ನು ಒಳಗೆ ಬಿಡುವುದೂ ಇಲ್ಲ. ವಾರಕ್ಕೊಮ್ಮೆ ಇಮ್ತಿಯಾಜ್ ನನ್ನನ್ನು ಕರೆದುಕೊಂಡು ಹೋಗಿ ಗೋಡೆಯ ಬದಿಯಲ್ಲಿ ಕಾರು ನಿಲ್ಲಿಸುತ್ತಾನೆ. ತಾನು ಒಳಗೆ ಹೋಗಿ ಇಡೀ ಬಯಲಿಗೇ ಸಲಾಂ ಹೇಳಿ ಬರುತ್ತಾನೆ. ತಂದೆ ಎಲ್ಲಿ ಮಲಗಿದ್ದಾನೆಂದು ಅವನಿಗೂ ಗೊತ್ತಿಲ್ಲ; ಅಂದು ಮಣ್ಣು ಕೊಟ್ಟವರು ಯಾರೂ ಈಗ ಇಲ್ಲಿಲ್ಲ. ನಾನು ಕಾರಿನ ಕಿಟಕಿ ಇಳಿಸಿ ಕೂತಿರುತ್ತೇನೆ. ಗೋಡೆ ನಡುವಿದ್ದರೂ ಹತ್ತಿರ ಹತ್ತಿರವೇ.

ನಿನ್ನೆ ಹಾಗೆ ಕೂತಿದ್ದಾಗ ರಝಾಕನ ಮುಖ ನೆನೆದುಕೊಳ್ಳಲು ನೋಡಿದೆ. ಬರಲಿಲ್ಲ ಸುಶೀಲಾ. ಪಾಸ್‌ಪೋರ್ಟಿನ ಫೋಟೋ ಬಂತು, ಅವನು ಬರಲಿಲ್ಲ. ಚಿಕ್ಕವನಿದ್ದಾಗ ನಿನ್ನ ಕೊಟ್ಟಿಗೆಯ ಏಣಿಯಿಂದ ಬಿದ್ದು ಹುಬ್ಬು ಒಡೆದುಕೊಂಡ; ನಾನು ಬಾಣಂತಿ, ಸೆರಗು ಒತ್ತಿ ಹಿಡಿದು ಡಾಕ್ಟರ ಬಳಿಗೆ ಅವನನ್ನು ಎತ್ತಿಕೊಂಡು ಓಡಿದವಳು ನೀನು. ಆ ಗಾಯದ ಗೆರೆ ಉಳಿದದ್ದು ಬಲ ಹುಬ್ಬಿನಲ್ಲೋ ಎಡ ಹುಬ್ಬಿನಲ್ಲೋ? ಹೆತ್ತವಳಿಗೆ ಮರೆತುಹೋಗಿದೆ. ಇಮ್ತಿಯಾಜನನ್ನು ಕೇಳುವ ಹಾಗಿಲ್ಲ. ಅವನು ತಂದೆಯನ್ನು ಕಂಡದ್ದೇ ನನ್ನ ಬಾಯಿಮಾತಿನಲ್ಲಿ. ರಝಾಕನ ಸ್ವರವೂ ನನ್ನಿಂದ ಹೋಗುತ್ತಿದೆ. ನಿನ್ನ ಕಿವಿ ಹೋಗುವ ಮೊದಲು ಕೇಳಿದ್ದೆಲ್ಲ ನಿನ್ನೊಳಗೆ ಇನ್ನೂ ಇದ್ದೀತು. ಅಂಗಳದಿಂದ ನಿನ್ನನ್ನು ಏನೆಂದು ಕರೆಯುತ್ತಿದ್ದ, ಹೇಗೆ ನಗುತ್ತಿದ್ದ, ನಿನ್ನ ಮನೆಯಲ್ಲಿ ಏನು ಕೇಳಿ ಕೇಳಿ ತಿನ್ನುತ್ತಿದ್ದ, ನೆನಪಿದ್ದಷ್ಟೂ ಬರೆ. ಮೊದಲು ಹುಬ್ಬು ಯಾವುದೆಂದು ಬರೆ. ಮುಂದಿನ ತಿಂಗಳು ಶುರುವಾಗುವ ಮೊದಲು ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು.